ತೀರ್ಥಹಳ್ಳಿಯಿಂದ ಅಜ್ಮೀರಕ್ಕೆ ವೀಣೆ, ಮೃದಂಗ: ಲಾರಿಯಲ್ಲೋ, ಜೊತೆಯಲ್ಲೋ?

ಪ್ರಶ್ನೆ: ನಮ್ಮ ಯಜಮಾನರಿಗೆ ತೀರ್ಥಹಳ್ಳಿಯಿಂದ ರಾಜಸ್ಥಾನದ ಅಜ್ಮೀರಕ್ಕೆ ವರ್ಗವಾಗಿದ್ದು, ಮೇ ತಿಂಗಳಲ್ಲಿ ಮನೆ ಖಾಲಿ ಮಾಡಬೇಕಾಗಿದೆ. ಮನೆಯಲ್ಲಿ ನಮ್ಮ ಅತ್ತೆಯವರ ಕಾಲದ ವೀಣೆ, ಮಗನ ಮೃದಂಗ ಮತ್ತು ಒಂದು ಹಾರ್ಮೋನಿಯಂ ಇವೆ. ಇವನ್ನು ಉಳಿದ ಸಾಮಾನಿನ ಜೊತೆ ಲಾರಿಗೆ ಹಾಕಬಹುದೇ?

ಉತ್ತರ: ಹಾರ್ಮೋನಿಯಮ್ಮನ್ನು ಹಾಕಬಹುದು, ಮೃದಂಗವನ್ನು ಸರಿಯಾಗಿ ಕಟ್ಟಿದರೆ ಹಾಕಬಹುದು, ವೀಣೆಯನ್ನು ಮಾತ್ರ ಹಾಕಬೇಡಿ.

ಇಂತಹ ಪ್ರಯಾಣದಲ್ಲಿ ಎಲ್ಲರೂ ಹೆದರುವುದು ದಾರಿಯ ಕುಲುಕಾಟಕ್ಕೆ. ಮೆತ್ತನೆಯ ಬಟ್ಟೆ ಮತ್ತು ಗಟ್ಟಿ ಪೆಟ್ಟಿಗೆಯಿಂದ ಅದನ್ನು ಬಹುಮಟ್ಟಿಗೆ ತಡೆಯಬಹುದು. ತಡೆಯಲು ಕಷ್ಟವಾದದ್ದು ಸೆಕೆ ಮತ್ತು ಒಣಹವೆ. ನಿಮ್ಮದೇ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಜ್ಮೀರದ ಮಳೆ ಅದರ ಹತ್ತನೆಯ ಒಂದು ಪಾಲೂ ಇಲ್ಲ. ಮಲೆನಾಡಿನ ತೇವಕ್ಕೆ ದಶಕಗಳಿಂದ ಒಗ್ಗಿಕೊಂಡ ಮರವು ಮೇ ತಿಂಗಳ ಒಣಗಾಳಿಗೆ ಏಕಾಏಕಿ ಬಿದ್ದರೆ, ಒಳಗಿನ ತೇವವನ್ನು ಬೇಗ ಕಳೆದುಕೊಂಡು ಕುಗ್ಗುತ್ತದೆ, ಮತ್ತು ಎಲ್ಲ ಕಡೆಯೂ ಒಂದೇ ಸಮನಾಗಿ ಕುಗ್ಗದಿರುವುದರಿಂದ ಸೀಳುತ್ತದೆ. ಏಕಾಂಡ ವೀಣೆ, ಅಂದರೆ ಒಂದೇ ಮರದ ತುಂಡಿನಲ್ಲಿ ಕಡೆದ ವೀಣೆಯಲ್ಲದಿದ್ದರೆ, ದಂಡಿಯೂ (ಉದ್ದನೆಯ ಭಾಗ) ಕೊಡವೂ (ದುಂಡನೆಯ ದೊಡ್ಡ ಭಾಗ) ಕೂಡುವ ಜಾಗದಲ್ಲಿಯೇ ಮೊದಲ ಬಿರುಕು ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಇದಕ್ಕಿಂತ ಬೇಗ ಕೆಡುವುದು ಮೇಣ. ವೀಣೆಯಲ್ಲಿ ಸ್ವರಸ್ಥಾನ ತೋರುವ 24 ಹಿತ್ತಾಳೆಯ ಮೆಟ್ಟಿಲುಗಳು ಕೂತಿರುವುದು ಮೊಳೆಯ ಮೇಲಲ್ಲ, ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿ ಕಟ್ಟಿದ ಎರಡು ಏಣುಗಳ ಮೇಲೆ. ಜೇನುಮೇಣ ಸುಮಾರು 62ರಿಂದ 64 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆಯಾದರೂ ಅದಕ್ಕೂ ಬಹಳ ಮೊದಲೇ ಮೆತ್ತಗಾಗಿ ಜರುಗುತ್ತದೆ. ಮುಚ್ಚಿದ ಲಾರಿಯು ಮಧ್ಯಾಹ್ನದ ಬಿಸಿಲಿನಲ್ಲಿ ಡಾಬಾದ ಮುಂದೆ ನಿಂತಾಗ ಒಳಗಿನ ಕಾವು ಹೊರಗಿನದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಒಂದು ಮೆಟ್ಟಿಲು ಕೂದಲೆಳೆಯಷ್ಟು ವಾಲಿದರೂ ಸ್ವರ ತಪ್ಪುತ್ತದೆ. ಮೇಳವನ್ನೇ, ಅಂದರೆ ಮೇಣ ಮತ್ತು ಮೆಟ್ಟಿಲುಗಳ ಜೋಡಣೆಯನ್ನೇ, ಹೊಸದಾಗಿ ಕಟ್ಟಿಸಬೇಕಾಗುತ್ತದೆ, ಮತ್ತು ಆ ಕೆಲಸ ಬಲ್ಲವರು ಅಜ್ಮೀರದಲ್ಲಿ ಸಿಗುವರೆಂದು ನಂಬಿಕೊಂಡು ಹೋಗಬಾರದು.

ಆದ್ದರಿಂದ ವೀಣೆಯನ್ನು ರೈಲಿನಲ್ಲಿ ನಿಮ್ಮ ಜೊತೆಯಲ್ಲೇ ಒಯ್ಯುವುದು ಸರಿ. ಮೈಸೂರು–ಅಜ್ಮೀರ್ ಎಕ್ಸ್‌ಪ್ರೆಸ್ ದಾವಣಗೆರೆಯ ಮೇಲೆ ಹೋಗುವುದರಿಂದ ನಿಮಗೆ ಬೆಂಗಳೂರಿನ ಸುತ್ತು ತಪ್ಪುತ್ತದೆ. ಎ.ಸಿ. ಬೋಗಿಯಲ್ಲಿ ಮೇಲಿನ ಬರ್ತ್ ಒಂದನ್ನು ವೀಣೆಗೆಂದೇ ಬಿಟ್ಟುಕೊಡಿ. ಖರ್ಚು ಹೆಚ್ಚೆನಿಸಬಹುದು, ಆದರೂ ಹಳೆಯ ವೀಣೆಯ ದುರಸ್ತಿಗೆ ತಗಲುವ ವೆಚ್ಚ ಮತ್ತು ಅಲೆದಾಟದ ಮುಂದೆ ಅದು ಕಡಿಮೆಯೇ.

ಹೊರಡುವ ಮುನ್ನ ತಂತಿಗಳನ್ನು ಎರಡು ಮೂರು ಸ್ವರದಷ್ಟು ಇಳಿಸಿ. ಪೂರ್ತಿ ಸಡಿಲ ಮಾಡಬೇಡಿ, ಏಕೆಂದರೆ ತಂತಿಗಳನ್ನು ಹೊತ್ತ ಕುದುರೆಯು ತನ್ನ ಜಾಗದಲ್ಲಿ ಕದಲದೆ ನಿಲ್ಲುವುದಕ್ಕೆ ತಂತಿಗಳ ಒತ್ತಡವೂ ಬೇಕು. ದಂಡಿಯ ತುದಿಯ ಬುರುಡೆಯನ್ನು ತಿರುಪು ಬಿಚ್ಚಿ ಬೇರೆಯಾಗಿ ಕಟ್ಟಿ. ಕುದುರೆಯ ಎರಡೂ ಪಕ್ಕಕ್ಕೆ ಬಟ್ಟೆಯ ಸುರುಳಿ ಇಟ್ಟು, ದಂಡಿಯ ತುದಿಯಲ್ಲಿ ಕೆತ್ತಿದ ಯಾಳಿಯ ಮುಖಕ್ಕೂ ತಂತಿ ಬಿಗಿಯುವ ಬಿರಡೆಗಳಿಗೂ ಹಳೆಯ ನೂಲಿನ ಸೀರೆ ಸುತ್ತಿ. ದಂಡಿಯ ಕೆಳಗೆ ಟೊಳ್ಳು ಉಳಿದರೆ ಭಾರವೆಲ್ಲ ಕೂಡಿಕೆಯ ಮೇಲೆ ಬೀಳುತ್ತದೆ, ಹಾಗಾಗಿ ಆ ಜಾಗವನ್ನು ಮಡಿಸಿದ ಪಂಚೆಯಿಂದ ತುಂಬಿ. ಪ್ಲಾಸ್ಟಿಕ್ ಹಾಳೆಯನ್ನು ನೇರವಾಗಿ ಮರಕ್ಕೆ ಸುತ್ತಬಾರದು. ಒಳಗೆ ಬೆವರಿ ಮೆರುಗು ಹಾಳಾಗುತ್ತದೆ. ಭತ್ತದ ಹುಲ್ಲು, ಹೊಟ್ಟು ಕೈಗೆ ಸುಲಭವಾಗಿ ಸಿಗುತ್ತವೆಂದು ಅವನ್ನೂ ತುಂಬಬೇಡಿ. ಅವುಗಳ ಜೊತೆ ಹುಳುವೂ ಹೋಗುತ್ತದೆ.

ಹಳೆಯ ವೀಣೆಯಾದ್ದರಿಂದ ಇನ್ನೊಂದು ಮಾತು. ಅದರ ಬಿಳಿಯ ಕುಸುರಿ ಪ್ಲಾಸ್ಟಿಕ್ಕೋ, ಜಿಂಕೆಯ ಕೊಂಬೋ, ಆನೆಯ ದಂತವೋ ಎಂಬುದನ್ನು ತಿಳಿದವರಿಂದ ಪರೀಕ್ಷಿಸಿಕೊಳ್ಳಿ. ಕೊಂಬು ಅಥವಾ ದಂತವಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸಬಹುದು. ಹೊರರಾಜ್ಯಕ್ಕೆ ಒಯ್ಯುವ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸುವುದು ಲೇಸು.

ಮೃದಂಗದ ತೊಪ್ಪಿಗೆ (ಎಡಗಡೆಯ ಮುಖಕ್ಕೆ) ಹಚ್ಚಿದ ರವೆ ಉಳಿದಿದ್ದರೆ ಪೂರ್ತಿ ಕೆರೆದು, ಒರೆಸಿ, ನೆರಳಿನಲ್ಲಿ ಆರಿಸಿ. ಅಲ್ಲಿಯೇ ಬಿಟ್ಟರೆ ಇರುವೆ, ಜಿರಳೆಗಳು ಚರ್ಮವನ್ನೂ ಬಿಡುವುದಿಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಚರ್ಮ ಸಡಿಲವಾಗುವುದನ್ನೇ ಕಂಡವರಿಗೆ ಒಣ ಸೀಮೆಯಲ್ಲಿ ಅದು ತಾನಾಗಿ ಬಿಗಿದುಕೊಂಡು ಹರಿಯಬಹುದೆಂಬುದು ಹೊಳೆಯುವುದಿಲ್ಲ. ಹಾಗಾಗಿ ಬಲಗಡೆಯ ಶ್ರುತಿಯನ್ನು ಸ್ವಲ್ಪ ಇಳಿಸಿಯೇ ಕಟ್ಟಿ. ಎರಡೂ ಮುಖಗಳಿಗೆ ದಪ್ಪ ಬಟ್ಟೆ, ಅದರ ಮೇಲೆ ದುಂಡಗೆ ಕತ್ತರಿಸಿದ ಪ್ಲೈವುಡ್ ತುಂಡು ಇಟ್ಟರೆ ಬಲಮುಖದ ನಡುವಿನ ಕಪ್ಪು ಕರಣೆಗೆ ಪೆಟ್ಟಾಗುವುದಿಲ್ಲ.

ಹಾರ್ಮೋನಿಯಮ್ಮಿನ ತಿದಿಯನ್ನು ಮುಚ್ಚಿ ಕೊಂಡಿ ಹಾಕಿ, ಬೆರಳಿನಿಂದ ಒತ್ತುವ ಮನೆಗಳು ಅಲುಗಾಡದಂತೆ ಮೇಲೊಂದು ಬಟ್ಟೆ ಹಾಸಿ ಮುಚ್ಚಳ ಬಿಗಿದರೆ ಸಾಕು.

ಲಾರಿಯವರನ್ನು ಒಂದು ವಿಷಯ ಕೇಳಲೇಬೇಕು: ತೀರ್ಥಹಳ್ಳಿಯಲ್ಲಿ ತುಂಬಿದ ಗಾಡಿಯೇ ಅಜ್ಮೀರದಲ್ಲಿ ಇಳಿಸುತ್ತದೆಯೋ, ಅಥವಾ ಪಾರ್ಟ್ ಲೋಡ್ ಆಗಿ ನಡುವೆ ಯಾವುದೋ ಗೋದಾಮಿನಲ್ಲಿ ಬೇರೆ ಲಾರಿಗೆ ಬದಲಾಗುತ್ತದೆಯೋ ಎಂದು. ಪೆಟ್ಟು ಬೀಳುವುದು ಹೆಚ್ಚಾಗಿ ಓಡುವ ಲಾರಿಯಲ್ಲಲ್ಲ, ಇಂತಹ ಇಳಿಸುವ ಏರಿಸುವ ಜಾಗದಲ್ಲಿ. ಪಾರ್ಟ್ ಲೋಡ್ ಎಂದರೆ ಮೃದಂಗವನ್ನೂ ರೈಲಿಗೇ ತೆಗೆದುಕೊಂಡು ಹೋಗಿ.

ಊರು ತಲುಪಿದ ಕೂಡಲೇ ಪೆಟ್ಟಿಗೆ ಬಿಚ್ಚುವ ಆತುರ ಬೇಡ. ಒಂದು ದಿನ ಮುಚ್ಚಿದಂತೆಯೇ ಮನೆಯ ಒಳಕೋಣೆಯಲ್ಲಿಟ್ಟು ಆಮೇಲೆ ತೆರೆಯಿರಿ, ತಂತಿಗಳನ್ನು ಮೂರು ನಾಲ್ಕು ದಿನಗಳಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಅಲ್ಲಿನ ಮನೆಗಳಲ್ಲಿ ಬೇಸಿಗೆಗೆ ನೀರಿನ ಕೂಲರ್ ಇಡುತ್ತಾರೆ. ಅದರ ಗಾಳಿ ನೇರವಾಗಿ ಬೀಸುವೆಡೆ ವೀಣೆಯನ್ನಾಗಲಿ ಮೃದಂಗವನ್ನಾಗಲಿ ಇಡಬೇಡಿ.