ಕಿಟಕಿಗೆ ಅಡ್ಡಪಟ್ಟಿಯ ಬ್ಲೈಂಡ್ಸ್: ಗೂಡಿನೊಳಗೋ, ಗೋಡೆಯ ಮೇಲೋ?

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ನಮ್ಮ ಹಾಲ್‌ನ ಕಿಟಕಿ ಹೆಚ್ಚುಕಡಿಮೆ ನಾಲ್ಕು ಅಡಿಗೆ ನಾಲ್ಕು ಅಡಿ. ಸೊಳ್ಳೆ ಜಾಲರಿ ಇರುವ ಸ್ಲೈಡಿಂಗ್ ಕಿಟಕಿ. ಇದಕ್ಕೆ ಅಡ್ಡಪಟ್ಟಿಯ ಬ್ಲೈಂಡ್ಸ್ ಹಾಕಬೇಕೆಂದಿದ್ದೇವೆ. ಕಿಟಕಿಯ ಗೂಡಿನೊಳಗೇ ಕೂರಿಸಿದರೆ ಅಂದ ಎಂದು ಒಬ್ಬರು, ಗೋಡೆಯ ಮೇಲೆ ಹಾಕಿ ಎಂದು ಇನ್ನೊಬ್ಬರು. ಯಾವುದು ಸರಿ? ಅಳತೆ ಹೇಗೆ ಕೊಡಬೇಕು? ನಾವೇ ಹಾಕಿಕೊಳ್ಳಬಹುದೇ?

ಉತ್ತರ: ಗೋಡೆಯ ಮೇಲೆ ಹಾಕಿ. ನೀವೇ ಹಾಕಿಕೊಳ್ಳಬಹುದು, ಹ್ಯಾಮರ್ ಡ್ರಿಲ್ ಒಂದು ಕೈಗೆ ಸಿಕ್ಕಿದರೆ ಸಾಕು. ಗೂಡಿನೊಳಗೆ ಕೂರಿಸಿದ ಬ್ಲೈಂಡ್ಸ್ ನಿಜವಾಗಿಯೂ ಅಂದ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಕಡೆಯ ಕಿಟಕಿಗಳಲ್ಲಿ ಅದಕ್ಕೆ ಬೇಕಾದ ಆಳ ಸಿಗುವುದು ಅಪರೂಪ.

ಎಲ್ಲರೂ ಅಗಲ, ಎತ್ತರ ಅಳೆಯುತ್ತಾರೆ. ಆಳ ಅಳೆಯುವುದನ್ನು ಮರೆಯುತ್ತಾರೆ. 25 ಮಿ.ಮೀ. ಅಗಲದ ಅಲ್ಯೂಮಿನಿಯಂ ಪಟ್ಟಿಗಳ ಬ್ಲೈಂಡ್ಸ್ ಗೂಡಿನೊಳಗೆ ಆರಾಮವಾಗಿ ತಿರುಗಬೇಕಾದರೆ ಸುಮಾರು 40 ಮಿ.ಮೀ. ಖಾಲಿ ಜಾಗ ಬೇಕು. 50 ಮಿ.ಮೀ. ಮರದ ಅಥವಾ ಪಿವಿಸಿ ಪಟ್ಟಿಗಾದರೆ 65ರಿಂದ 70 ಮಿ.ಮೀ. ಈ ಆಳವನ್ನು ಗಾಜಿನಿಂದ ಅಳೆಯಬಾರದು. ಕಿಟಕಿಯಲ್ಲಿ ಒಳಗೆ ಅತಿ ಹೆಚ್ಚು ಚಾಚಿಕೊಂಡಿರುವ ಭಾಗ ಯಾವುದೋ ಅಲ್ಲಿಂದ, ಅಂದರೆ ಸ್ಲೈಡಿಂಗ್ ಬಾಗಿಲಿನ ಲಾಕ್, ಹಿಡಿ, ಅಥವಾ ಗ್ರಿಲ್‌ನ ಹೂವಿನಿಂದ, ಗೋಡೆಯ ಒಳಅಂಚಿನವರೆಗೆ ಅಳೆಯಬೇಕು. ಜಾಲರಿಯೂ ಸೇರಿ ಮೂರು ಟ್ರ್ಯಾಕ್ ಇರುವ ಚೌಕಟ್ಟು ತಾನೇ ನಾಲ್ಕು ಇಂಚಿನ ಆಸುಪಾಸು ತಿನ್ನುತ್ತದೆ. ಆರಿಂಚಿನ ಗೋಡೆಯಲ್ಲಿ ಮಿಕ್ಕುವುದೆಷ್ಟು ಎಂದು ನೀವೇ ಲೆಕ್ಕ ಹಾಕಿ. ಇನ್ನು ಜಾಲರಿಯ ಬಾಗಿಲು ಮನೆಯ ಒಳಗಡೆಗೆ ತೆರೆಯುವಂಥದ್ದಾದರೆ ಗೂಡಿನ ಮಾತೇ ಬೇಡ, ದಿನಾ ಸಂಜೆ ಬ್ಲೈಂಡ್ಸ್‌ಗೂ ಜಾಲರಿಗೂ ಜಗಳ.

ಆಳ ಸಾಕಷ್ಟಿದ್ದರೂ ಮೂಲೆ ನೋಡಿ. ಗೂಡಿನ ಒಂದು ಮೇಲ್ಮೂಲೆಯಿಂದ ಎದುರಿನ ಕೆಳಮೂಲೆಗೆ ಟೇಪ್ ಹಿಡಿದು ಅಳೆಯಿರಿ, ಆಮೇಲೆ ಇನ್ನೆರಡು ಮೂಲೆ. ಎರಡು ಅಳತೆಗೂ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಗಾರೆ ಕೆಲಸ ಸೊಟ್ಟಗಿದೆ ಎಂದೇ ಅರ್ಥ. ಸೊಟ್ಟ ಗೂಡಿನೊಳಗೆ ನೆಟ್ಟಗಿರುವ ಬ್ಲೈಂಡ್ಸ್ ನೇತು ಹಾಕಿದರೆ ಒಂದು ಬದಿ ಗೋಡೆಗೆ ಉಜ್ಜುತ್ತದೆ, ಇನ್ನೊಂದು ಬದಿ ಬಿಸಿಲಿನ ಗೀರು.

ಅಳತೆ

ಮಿಲಿಮೀಟರಿನಲ್ಲೇ ಕೊಡಿ. ಅಂಗಡಿಯವರು ಬೆಲೆಯನ್ನು ಚದರ ಅಡಿಯಲ್ಲಿ ಹೇಳುತ್ತಾರೆ, ಹೇಳಲಿ. ಆದರೆ 'ನಾಲ್ಕು ಅಡಿ ಚಿಲ್ಲರೆ' ಎಂದು ಫೋನಿನಲ್ಲಿ ಹೇಳಿ ತರಿಸಿದ ಬ್ಲೈಂಡ್ಸ್ ವಾಪಸ್ ಹೋಗುವುದಿಲ್ಲ, ಅದು ನಿಮ್ಮ ಕಿಟಕಿಗೆಂದೇ ಕತ್ತರಿಸಿದ ಮಾಲು. ಬಟ್ಟೆ ಟೇಪ್ ಬೇಡ, ಸ್ಟೀಲ್ ಟೇಪ್ ಬಳಸಿ.

ಗೂಡಿನ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. 1213, 1208, 1210 ಬಂತು ಎಂದಿಟ್ಟುಕೊಳ್ಳಿ. ಗೂಡಿನೊಳಗೆ ಹಾಕುವುದಾದರೆ ಲೆಕ್ಕಕ್ಕೆ ಬರುವುದು ಅತಿ ಚಿಕ್ಕದು, 1208. ಪಟ್ಟಿಗಳು ಎರಡೂ ಬದಿ ತಾಗದಿರಲು ಇದರಲ್ಲಿ ಸುಮಾರು 10 ಮಿ.ಮೀ. ಕಳೆಯಬೇಕು. ಎಡವಟ್ಟು ಆಗುವುದು ಇಲ್ಲೇ. ಮನೆಯವರು 10 ಕಳೆದು 1198 ಎಂದು ಬರೆದುಕೊಡುತ್ತಾರೆ, ತಯಾರಿಸುವವರು ಅದನ್ನು ಗೂಡಿನ ಅಳತೆ ಎಂದುಕೊಂಡು ಇನ್ನೊಂದು 10 ಕಳೆಯುತ್ತಾರೆ. ಬಂದದ್ದು 1188. ಎರಡೂ ಬದಿ ಬೆರಳು ತೂರುವಷ್ಟು ಸಂದು. ಆದ್ದರಿಂದ ಚೀಟಿಯಲ್ಲಿ 'ಓಪನಿಂಗ್ ಸೈಜ್ 1208, ಕಳೆಯುವುದು ನೀವು' ಎಂದೋ 'ತಯಾರಾದ ಬ್ಲೈಂಡ್ಸ್ ಸೈಜ್ 1198, ಏನೂ ಕಳೆಯಬೇಡಿ' ಎಂದೋ ಸ್ಪಷ್ಟವಾಗಿ ಬರೆಯಿರಿ. ಬರೀ ಅಂಕಿ ಬರೆದು ಬಿಡಬೇಡಿ.

ಗೋಡೆಯ ಮೇಲೆ ಹಾಕುವಾಗ ಈ ತಲೆನೋವಿಲ್ಲ. ಅಗಲಕ್ಕೆ ಎರಡೂ ಬದಿ 75 ಮಿ.ಮೀ. ಸೇರಿಸಿ: 1208ಕ್ಕೆ 150 ಕೂಡಿ, 1360 ಎನ್ನಿ. ಮೇಲೆ ಗೂಡಿನ ಅಂಚಿನಿಂದ 100 ಮಿ.ಮೀ. ಎತ್ತರಕ್ಕೆ, ಪಟ್ಟಿಗಳೆಲ್ಲ ನೇತಾಡುವ ಮೇಲಿನ ಉದ್ದ ಪೆಟ್ಟಿಗೆಯಾದ ಹೆಡ್‌ರೈಲ್‌ನ ತಲೆ ಬರಲಿ. ಕೆಳಗೆ ಎಷ್ಟು ಎಂಬುದನ್ನು ಗ್ರಾನೈಟ್ ಪಟ್ಟಿ ತೀರ್ಮಾನಿಸುತ್ತದೆ. ಕಿಟಕಿಯ ಕೆಳಗಿನ ಗ್ರಾನೈಟ್ ಗೋಡೆಯಿಂದ ಹೊರಗೆ ಚಾಚಿದ್ದರೆ ಬ್ಲೈಂಡ್ಸ್ ಅದಕ್ಕಿಂತ 10 ಮಿ.ಮೀ. ಮೇಲೆಯೇ ನಿಲ್ಲಬೇಕು. 1220 ಎತ್ತರದ ಕಿಟಕಿಗೆ 1220 ಕೂಡಿಸು 100 ಕಳೆ 10, ಅಂದರೆ 1310. ಗ್ರಾನೈಟ್ ಗೋಡೆಯ ಮಟ್ಟಕ್ಕೇ ನಿಂತಿದ್ದರೆ ಇನ್ನೂ 60 ಮಿ.ಮೀ. ಕೆಳಗೆ ಇಳಿಯಲಿ, ಒಟ್ಟು 1380.

ಬ್ಲೈಂಡ್ಸ್ ಪೂರ್ತಿ ಎತ್ತಿದಾಗ ಪಟ್ಟಿಗಳೆಲ್ಲ ಒಂದರ ಮೇಲೊಂದು ಕೂತು ಕಟ್ಟಾಗುತ್ತವೆ. ನಾಲ್ಕಡಿ ಎತ್ತರಕ್ಕೆ ಅಲ್ಯೂಮಿನಿಯಂ ಆದರೆ ಈ ಕಟ್ಟು ಮೂರ್ನಾಲ್ಕು ಇಂಚು, ಮರದ ದಪ್ಪ ಪಟ್ಟಿಯಾದರೆ ಆರೇಳು ಇಂಚು. ಗೂಡಿನೊಳಗಿದ್ದರೆ ಅಷ್ಟೂ ಗಾಜಿನ ಮೇಲೇ ಕೂತು ಬೆಳಕು ತಡೆಯುತ್ತದೆ. ಗೋಡೆಯ ಮೇಲೆ ಹಾಕಿ ಎನ್ನುವುದಕ್ಕೆ ಇದೂ ಒಂದು ಕಾರಣ.

ತೂತು ಎಲ್ಲಿ, ಹೇಗೆ

ಕಿಟಕಿಯ ಮೇಲೆ ಗೋಡೆಯ ಭಾರ ಹೊರುವ ಕಾಂಕ್ರೀಟ್ ತೊಲೆ, ಅಂದರೆ ಲಿಂಟಲ್ ಇರುತ್ತದೆ. ಸಾಮಾನ್ಯವಾಗಿ ಆರಿಂಚು ಎತ್ತರ, ಗೂಡಿನ ಎರಡೂ ಬದಿಗೆ ಆರಾರು ಇಂಚು ಗೋಡೆಯ ಮೇಲೆ ಕೂತಿರುತ್ತದೆ. ಮೇಲಿನ ಲೆಕ್ಕದಂತೆ 100 ಮಿ.ಮೀ. ಮೇಲೆ, 75 ಮಿ.ಮೀ. ಪಕ್ಕಕ್ಕೆ ಹೋದರೆ ಬ್ರಾಕೆಟ್‌ಗಳೆಲ್ಲ ಲಿಂಟಲ್‌ನ ಮೈಮೇಲೇ ಬೀಳುತ್ತವೆ. ತೂತು ಕೊರೆಯಲು ಕಷ್ಟ, ಆದರೆ ಒಮ್ಮೆ ಹಿಡಿದದ್ದು ಬಿಡುವುದಿಲ್ಲ. ಹಗುರ ಬ್ಲಾಕಿನ ಗೋಡೆಯಲ್ಲೂ ಕರಾವಳಿಯ ಮುರಕಲ್ಲಿನ ಗೋಡೆಯಲ್ಲೂ ಇದು ಮುಖ್ಯ. ಅಲ್ಲಿ ಲಿಂಟಲ್ ತಪ್ಪಿಸಿ ಕೊರೆದರೆ ತೂತು ಪುಡಿಪುಡಿಯಾಗಿ ದೊಡ್ಡದಾಗುತ್ತದೆ, ಸ್ಕ್ರೂ ಹಿಡಿಯಲೆಂದು ತೂತಿಗೆ ಹೊಡೆಯುವ ಪ್ಲಗ್ ಕೈಯಲ್ಲೇ ಹೊರಗೆ ಬರುತ್ತದೆ. ಬೇರೆ ದಾರಿಯಿಲ್ಲದಿದ್ದರೆ ಡ್ರಿಲ್‌ನ ಹ್ಯಾಮರ್ ಆಫ್ ಮಾಡಿ, 8 ಮಿ.ಮೀ. ದಪ್ಪದ, ಉದ್ದನೆಯ ನೈಲಾನ್ ಪ್ಲಗ್ ಹಾಕಿ.

ಗೂಡಿನೊಳಗೆ ಹಾಕುವವರು ಲಿಂಟಲ್‌ನ ತಳಕ್ಕೆ ಕೆಳಗಿನಿಂದ ಮೇಲಕ್ಕೆ ಕೊರೆಯುತ್ತಾರೆ. ಲಿಂಟಲ್‌ನ ಮುಖ್ಯ ಕಂಬಿ ಇರುವುದು ತಳದಲ್ಲೇ, ಕಾಂಕ್ರೀಟಿನೊಳಗೆ ಒಂದಿಂಚಿನ ಆಸುಪಾಸಿನಲ್ಲಿ. ಬಿಟ್ ಕಂಬಿಗೆ ತಾಗಿದರೆ ಮುಂದೆ ಹೋಗುವುದಿಲ್ಲ, ಕಿರುಚುತ್ತದೆ, ತುದಿ ನೀಲಿಯಾಗುತ್ತದೆ. ಒತ್ತಬೇಡಿ. ಬ್ರಾಕೆಟ್‌ ಅನ್ನು 20 ಮಿ.ಮೀ. ಮುಂದಕ್ಕೋ ಹಿಂದಕ್ಕೋ ಸರಿಸಿ. ಗೂಡಿಗೆ ಒಳಗಿನಿಂದ ಗ್ರಾನೈಟ್ ಹೊದಿಸಿದ್ದರೆ ಹ್ಯಾಮರ್ ಮುಟ್ಟಲೇಬೇಡಿ, ಕಲ್ಲು ಬಿರುಕು ಬಿಡುತ್ತದೆ. ಡೈಮಂಡ್ ಬಿಟ್‌ನಲ್ಲಿ ನೀರು ಹನಿಸುತ್ತ ನಿಧಾನಕ್ಕೆ ಕೊರೆಯಬೇಕು.

ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಚೌಕಟ್ಟಿಗೇ ಸ್ಕ್ರೂ ಹೊಡೆದು ಕೆಲಸ ಮುಗಿಸುವವರಿದ್ದಾರೆ. ಒಪ್ಪಬೇಡಿ. ಚೌಕಟ್ಟಿನೊಳಗೆ ಟೊಳ್ಳು ಕೋಣೆಗಳಿರುತ್ತವೆ. ಸ್ಕ್ರೂ ಅಲ್ಲಿ ಗಟ್ಟಿ ಹಿಡಿಯುವುದಿಲ್ಲ, ಕೆಲವೊಮ್ಮೆ ಸ್ಲೈಡಿಂಗ್ ಬಾಗಿಲಿಗೆ ಅಡ್ಡ ಬರುತ್ತದೆ, ಕಿಟಕಿಯ ವಾರಂಟಿಯೂ ಹೋಗಬಹುದು. ಹಳೆಯ ಮನೆಗಳ ತೇಗ, ಹೊನ್ನೆ, ಮತ್ತಿಯ ಚೌಕಟ್ಟಾದರೆ ಧಾರಾಳವಾಗಿ ಹೊಡೆಯಿರಿ, ಆದರೆ ಮೊದಲು 3 ಮಿ.ಮೀ. ತೂತು ಕೊರೆದು, ಸ್ಕ್ರೂಗೆ ಸ್ವಲ್ಪ ಮೇಣ ಹಚ್ಚಿ. ಹಳೆಯ ಗಟ್ಟಿ ಮರದಲ್ಲಿ ಒಣ ಸ್ಕ್ರೂ ತಲೆ ಕತ್ತರಿಸಿಕೊಳ್ಳುತ್ತದೆ.

ನಿಮ್ಮ ಕಿಟಕಿಗೆ ಬೇಕಾದ ಸಾಮಾನು: ಬ್ರಾಕೆಟ್ ಮೂರು (1200 ಮಿ.ಮೀ. ದಾಟಿದರೆ ನಡುವೆ ಒಂದು ಆಧಾರ ಬೇಕೇ ಬೇಕು), ಬ್ರಾಕೆಟ್‌ಗೆ ಎರಡರಂತೆ 6 ಮಿ.ಮೀ. ಪ್ಲಗ್ ಆರು, 8 ನಂಬರಿನ ಒಂದೂವರೆ ಇಂಚು ಸ್ಕ್ರೂ ಆರು. ಹತ್ತು ಹತ್ತು ತಂದಿಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿ ಬರುವ ಸ್ಕ್ರೂ ಹೆಚ್ಚಾಗಿ ಮರಕ್ಕೆಂದು ಕೊಟ್ಟ ಗಿಡ್ಡ ಸ್ಕ್ರೂ, ಗೋಡೆಗೆ ಬಳಸಬೇಡಿ. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂವನ್ನೇ ಕೇಳಿ ಪಡೆಯಬೇಕು.

ಹಾಕುವ ಕ್ರಮ ಹೀಗೆ. ಹೆಡ್‌ರೈಲನ್ನು ಇಬ್ಬರು ಹಿಡಿದು ಜಾಗಕ್ಕೆ ಇಟ್ಟು, ಎರಡೂ ತುದಿಯ ಗುರುತು ಹಾಕಿ. ಗುರುತಿನ ನಡುವೆ ರಸಮಟ್ಟ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ. ಗೂಡಿನ ಅಂಚನ್ನು ನಂಬಿ ಗೆರೆ ಎಳೆಯಬೇಡಿ, ಗಾರೆಯವರ ಕೈ ಎಲ್ಲಿ ಇಳಿದಿದೆಯೋ ಗೊತ್ತಿಲ್ಲ. ಎರಡು ತುದಿಗೆ 3 ಮಿ.ಮೀ. ಏರುಪೇರಾದರೂ ಹಿಂದಿನ ಗ್ರಿಲ್‌ನ ಅಡ್ಡ ಸರಳಿನ ಪಕ್ಕದಲ್ಲಿ ಕಣ್ಣಿಗೆ ಹೊಡೆಯುತ್ತದೆ. ತುದಿಯ ಬ್ರಾಕೆಟ್ ಪೆಟ್ಟಿಗೆಯಂಥದ್ದಾದರೆ ಎರಡರ ನಡುವೆ ಹೆಡ್‌ರೈಲ್‌ಗಿಂತ 3 ಮಿ.ಮೀ. ಹೆಚ್ಚು ಬಿಡಿ. ನಡುವಿನ ಬ್ರಾಕೆಟ್, ಹೆಡ್‌ರೈಲ್‌ನೊಳಗೆ ದಾರ ಇಳಿಯುವ ಜಾಗಕ್ಕೆ ಅಥವಾ ಪಟ್ಟಿ ತಿರುಗಿಸುವ ಯಂತ್ರದ ಜಾಗಕ್ಕೆ ಬರದಂತೆ ನೋಡಿಕೊಳ್ಳಿ.

6 ಮಿ.ಮೀ. ಕಾಂಕ್ರೀಟ್ ಬಿಟ್‌ಗೆ ತುದಿಯಿಂದ 45 ಮಿ.ಮೀ. ದೂರದಲ್ಲಿ ಇನ್ಸುಲೇಷನ್ ಟೇಪ್ ಸುತ್ತಿ, ಅಲ್ಲಿವರೆಗೆ ಕೊರೆಯಿರಿ. ಕೊರೆಯುವ ಮೊದಲು ಎಸಿ ಪಾಯಿಂಟ್, ಸ್ವಿಚ್‌ಬೋರ್ಡ್ ಎಲ್ಲಿದೆ ನೋಡಿ. ಅವುಗಳ ನೇರ ಮೇಲೆ, ಕೆಳಗೆ ವೈರಿನ ಪೈಪ್ ಹೋಗಿರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ತೂತಿನೊಳಗಿನ ಪುಡಿ ಪೂರ್ತಿ ತೆಗೆಯದೆ ಪ್ಲಗ್ ಹೊಡೆದರೆ ಅದು ಕೊನೆಯವರೆಗೆ ಹೋಗುವುದಿಲ್ಲ, ಸ್ಕ್ರೂ ಜೊತೆ ಸುಮ್ಮನೆ ಸುತ್ತುತ್ತದೆ. ಸ್ಟ್ರಾದಿಂದ ಊದಿ ಅಥವಾ ಸಣ್ಣ ಬ್ರಷ್‌ನಿಂದ ಪುಡಿ ಹೊರಗೆ ತನ್ನಿ.

ಬ್ರಾಕೆಟ್ ಬಿಗಿದ ಮೇಲೆ ಹೆಡ್‌ರೈಲ್ ಕೂರಿಸುವುದು ಎರಡು ನಿಮಿಷ. ಪೆಟ್ಟಿಗೆ ಬ್ರಾಕೆಟ್‌ನ ಮುಚ್ಚಳ ತೆರೆದು, ರೈಲ್ ಒಳಗೆ ಸರಿಸಿ, ಮುಚ್ಚಳ ಟಕ್ ಎನ್ನುವವರೆಗೆ ಒತ್ತಿ. ಅಲ್ಯೂಮಿನಿಯಂಗೆ ಬರುವ ತಿರುಗುವ ಕ್ಲಿಪ್ ಆದರೆ ಮುಂದಿನ ಅಂಚು ಸಿಕ್ಕಿಸಿ, ಹಿಂದಕ್ಕೆ ಒತ್ತಿ, ಕ್ಲಿಪ್‌ನ ಕಿವಿ ತಿರುಗಿಸಿ.

ಹಾಕಿದ ಮೇಲೆ ಬರುವ ದೂರುಗಳು

'ಎತ್ತಿದ್ದು ನಿಲ್ಲುವುದಿಲ್ಲ, ಜಾರಿ ಬೀಳುತ್ತದೆ' ಎಂಬುದು ಮೊದಲನೆಯದು. ಹೆಚ್ಚಿನ ಸಲ ದೋಷ ಬ್ಲೈಂಡ್ಸ್‌ನದಲ್ಲ, ದಾರ ಎಳೆಯುವ ರೀತಿಯದು. ದಾರವನ್ನು ಕಿಟಕಿಯ ನಡುಭಾಗದ ಕಡೆಗೆ ಓರೆಯಾಗಿ ಎಳೆದರೆ ಲಾಕ್ ಬಿಡುತ್ತದೆ, ಹೊರಅಂಚಿನ ಕಡೆಗೆ ತಂದು ಬಿಟ್ಟರೆ ಹಿಡಿಯುತ್ತದೆ. ಇಷ್ಟಾದರೂ ಜಾರಿದರೆ ರಸಮಟ್ಟ ಇಟ್ಟು ನೋಡಿ, ಹೆಡ್‌ರೈಲ್ ವಾಲಿರುತ್ತದೆ. ಎತ್ತುವ ಮೊದಲು ಪಟ್ಟಿಗಳನ್ನು ತೆರೆದ ಸ್ಥಿತಿಗೆ ತಿರುಗಿಸಿ. ಮುಚ್ಚಿದ ಪಟ್ಟಿಯನ್ನು ಹಾಗೇ ಎಳೆದರೆ ದಾರ ಸವೆಯುತ್ತದೆ.

ಎರಡನೆಯದು ಗಾಳಿ. ಕಿಟಕಿ ತೆರೆದಿಟ್ಟು ಬ್ಲೈಂಡ್ಸ್ ಇಳಿಬಿಟ್ಟರೆ ಆಷಾಢದ ಗಾಳಿಗೆ ಪಟ್ಟಿಗಳು ಗ್ರಿಲ್‌ಗೆ ಬಡಿದು ಸದ್ದು ಮಾಡುತ್ತವೆ. ಒಮ್ಮೆ ಮಡಿಕೆ ಬಿದ್ದ ಅಲ್ಯೂಮಿನಿಯಂ ಪಟ್ಟಿ ಮತ್ತೆ ನೆಟ್ಟಗಾಗದು. ತಳದ ಅಡ್ಡಪಟ್ಟಿಯಾದ ಬಾಟಂ ರೈಲ್‌ ಅನ್ನು ಕೆಳಗೆ ಸಿಕ್ಕಿಸಿಡುವ ಹಿಡಿಕೆ ಸಿಗುತ್ತದೆ, ಹಾಕಿಕೊಳ್ಳಿ. ಇಡೀ ದಿನ ಕಿಟಕಿ ತೆರೆದಿಡುವ ಕೋಣೆಗೆ ಅಡ್ಡಪಟ್ಟಿಗಿಂತ ಬಟ್ಟೆಯ ಪರದೆಯೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಮಲೆನಾಡಿನ ಮಳೆಗಾಲಕ್ಕೆ ಮರದ ಪಟ್ಟಿ ಬೇಡ, ಬೂಷ್ಟು ಹಿಡಿಯುತ್ತದೆ, ಬಾಗುತ್ತದೆ. ಅಡುಗೆಮನೆಗೆ ಅಲ್ಯೂಮಿನಿಯಂ, ಒಗ್ಗರಣೆಯ ಜಿಡ್ಡನ್ನು ಸೋಪುನೀರಿನ ಬಟ್ಟೆಯಲ್ಲಿ ಒರೆಸಬಹುದು.

ಎದುರಿನ ಕಟ್ಟಡದ ಮೇಲಿನ ಮಹಡಿಯಿಂದ ಒಳಗೆ ಕಾಣಬಾರದೆಂದರೆ ಪಟ್ಟಿಯ ಒಳಅಂಚು ಮೇಲೆ, ಹೊರಅಂಚು ಕೆಳಗೆ ಬರುವಂತೆ ತಿರುಗಿಸಿ. ಮೇಲಿನಿಂದ ಬರುವ ಬಿಸಿಲಿಗೂ ಇದೇ ಅಡ್ಡ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ದಾರವಿಲ್ಲದ ಬಗೆಯನ್ನೇ ಕೊಳ್ಳಿ. ಜೋತುಬಿದ್ದ ದಾರ ಕೊರಳಿಗೆ ಸುತ್ತಿಕೊಂಡು ಮಕ್ಕಳು ಸತ್ತ ಪ್ರಕರಣಗಳಿಂದಾಗಿಯೇ ಅಮೆರಿಕದಲ್ಲಿ 2018ರ ಡಿಸೆಂಬರ್‌ನಿಂದ ಅಂಗಡಿಯಲ್ಲಿ ಸಿದ್ಧವಾಗಿ ಮಾರುವ ಬ್ಲೈಂಡ್ಸ್‌ನಲ್ಲಿ ಕೈಗೆ ಸಿಗುವ ದಾರ ಇರಬಾರದೆಂಬ ನಿಯಮ ಬಂತು. ದಾರದ್ದನ್ನೇ ಹಾಕಿಯಾಗಿದ್ದರೆ ನೆಲದಿಂದ ಐದಡಿ ಎತ್ತರದಲ್ಲಿ ಕೊಂಡಿ ಹೊಡೆದು ದಾರವನ್ನು ಅದಕ್ಕೆ ಸುತ್ತಿಡಿ. ಮಂಚ, ಸೋಫಾ ಆ ಕಿಟಕಿಯ ಕೆಳಗಿರಬಾರದು.

ಬ್ಲೈಂಡ್ಸ್ ಉದ್ದ ಹೆಚ್ಚಾಗಿ ಗ್ರಾನೈಟ್ ಮೇಲೆ ಕೂತರೆ ಮರಳಿಸಬೇಕಿಲ್ಲ. ಪೂರ್ತಿ ಇಳಿಸಿ, ಎಷ್ಟು ಪಟ್ಟಿ ಹೆಚ್ಚಿದೆ ಎಣಿಸಿ. ಬಾಟಂ ರೈಲ್‌ನ ಅಡಿಯಲ್ಲಿರುವ ಪ್ಲಾಸ್ಟಿಕ್ ಬಿರಡೆಗಳನ್ನು ಕಿತ್ತು, ಎತ್ತುವ ದಾರದ ಗಂಟು ಬಿಚ್ಚಿ. ಆ ದಾರವನ್ನು ಹೆಚ್ಚಿನ ಪಟ್ಟಿಗಳಿಂದ ಮೇಲಕ್ಕೆ ಎಳೆದುಕೊಂಡು, ಪಟ್ಟಿಗಳನ್ನು ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಏಣಿಯಂತೆ ಹೆಣೆದ ದಾರದಲ್ಲಿ ಬೇಕಾದ ಮೆಟ್ಟಿಲಿಗೆ ಬಾಟಂ ರೈಲ್ ತೂರಿಸಿ, ಎತ್ತುವ ದಾರವನ್ನು ಅದರ ತೂತಿನಲ್ಲಿ ಇಳಿಸಿ ಮತ್ತೆ ಗಂಟು ಹಾಕಿ. ಒಮ್ಮೆ ಎತ್ತಿ ಇಳಿಸಿ, ಎರಡೂ ಬದಿ ಸಮ ಬಂತೆಂದು ಖಾತ್ರಿಯಾದ ಮೇಲಷ್ಟೇ ಉಳಿದ ದಾರ ಕತ್ತರಿಸಿ ಬಿರಡೆ ಒತ್ತಿ. ತೆಗೆದ ಪಟ್ಟಿಗಳನ್ನು ಎಸೆಯಬೇಡಿ. ನಾಳೆ ಯಾವುದಾದರೂ ಪಟ್ಟಿಗೆ ಮಡಿಕೆ ಬಿದ್ದರೆ ಅದರ ಜಾಗಕ್ಕೆ ಅದೇ ಬಣ್ಣದ್ದು ಬೇರೆಲ್ಲೂ ಸಿಗುವುದಿಲ್ಲ.