ಆಯಮ್ಮನ ಹೆಸರೇನು?

ಸೋಮವಾರ ಸಂಜೆ ತುಮಕೂರಿನ ನನ್ನ ಮಕ್ಕಳ ಕ್ಲಿನಿಕ್‌ನಲ್ಲಿ ಕೂರಲು ಜಾಗ ಸಿಗುವುದಿಲ್ಲ. ಶನಿವಾರ, ಭಾನುವಾರ ಮನೆಯಲ್ಲಿದ್ದ ಮಕ್ಕಳು ಸೋಮವಾರ ಡೇ ಕೇರ್‌ಗೆ ಹೋಗಿರುತ್ತವೆ. ಮಧ್ಯಾಹ್ನಕ್ಕೆ ಮೈ ಸುಡುತ್ತಿದೆ ಅಂತ ಅಲ್ಲಿಂದ ಫೋನ್ ಹೋಗಿರುತ್ತದೆ. ಅಪ್ಪನೋ ಅಮ್ಮನೋ ಬೆಂಗಳೂರಿನಲ್ಲಿ ಅರ್ಧ ದಿನ ರಜೆ ಹಾಕಿ, 70 ಕಿಲೋಮೀಟರ್ ಓಡಿ ಬಂದಿರುತ್ತಾರೆ.

'ಬೆಳಗ್ಗೆ ಚೆನ್ನಾಗೇ ಇದ್ದ ಮೇಡಂ. ಅಲ್ಲಿಗೆ ಹೋದ ಮೇಲೇ ಜ್ವರ ಬಂದಿದ್ದು.'

'ಬೆಳಗ್ಗೆ ಸಿರಪ್ ಎಷ್ಟು ಗಂಟೆಗೆ ಹಾಕಿದ್ರಿ?'

ಹಾಕಿದ್ರಾ ಅಂತ ನಾನು ಕೇಳುವುದಿಲ್ಲ. ಎಷ್ಟು ಗಂಟೆಗೆ ಅಂತಲೇ ಕೇಳುತ್ತೇನೆ. ಅಮ್ಮ ಸುಮ್ಮನಾಗುತ್ತಾರೆ. ಅಪ್ಪ ಫೋನ್ ನೋಡಿಕೊಳ್ಳುತ್ತಾರೆ. ಆಮೇಲೆ ಮೆಲ್ಲಗೆ, 'ಏಳೂವರೆಗೆ ಮೇಡಂ, ಸ್ವಲ್ಪ ಬೆಚ್ಚಗಿದ್ದ ಅಷ್ಟೇ' ಅನ್ನುತ್ತಾರೆ. ಪ್ಯಾರಾಸಿಟಮಾಲ್ ಕೆಲಸ ಮಾಡುವುದು ನಾಲ್ಕರಿಂದ ಆರು ಗಂಟೆ. ಏಳೂವರೆಗೆ ಹಾಕಿದ್ದು ಊಟದ ಹೊತ್ತಿಗೆ ಇಳಿಯುತ್ತದೆ. ಜ್ವರ ಡೇ ಕೇರ್‌ನಲ್ಲಿ ಹುಟ್ಟಿದ್ದಲ್ಲ, ಅಲ್ಲಿ ಎದ್ದು ಕೂತಿದ್ದು ಅಷ್ಟೇ. ಅಷ್ಟರಲ್ಲಿ ಇನ್ನೂ ನಾಲ್ಕು ಮಕ್ಕಳ ಜೊತೆ ಅದೇ ಆಟದ ಸಾಮಾನು ಬಾಯಿಗೆ ಹಾಕಿಕೊಂಡಾಗಿರುತ್ತದೆ.

ನಾನು ಬೈಯುವುದಿಲ್ಲ. ತಿಂಗಳಲ್ಲಿ ಮೂರನೇ ರಜೆ ಕೇಳುವುದು ಹೇಗಿರುತ್ತದೆ ಅಂತ ನನಗೂ ಗೊತ್ತು. ಔಷಧಿ ಹಾಕದೆ 24 ಗಂಟೆ ಜ್ವರ ಇಲ್ಲ ಅಂದರೆ ಕಳಿಸಿ, ಇಲ್ಲದಿದ್ದರೆ ಬೇಡ ಅಂತ ಮಾತ್ರ ಹೇಳುತ್ತೇನೆ. ಇನ್ನೊಂದು ಮಾತು, ಮೊದಲ ವರ್ಷ ನೆಗಡಿ ಕೆಮ್ಮು ಬಿಡುವುದೇ ಇಲ್ಲ. ಗುಂಪಿಗೆ ಹೊಸದಾಗಿ ಸೇರಿದ ಮಗುವಿಗೆ ವರ್ಷಕ್ಕೆ 8ರಿಂದ 10 ಸಲ ನೆಗಡಿ ಆಗುವುದು ಮಾಮೂಲು. ಒಂದೊಂದೂ ಹತ್ತು ದಿನ ಎಳೆದರೆ ವರ್ಷದಲ್ಲಿ ಮೂರು ತಿಂಗಳು ಮೂಗು ಸುರಿಯುತ್ತಲೇ ಇರುತ್ತದೆ, ಲೆಕ್ಕ ಹಾಕಿ ನೋಡಿ. ಮಗುವಿಗೆ ಶಕ್ತಿ ಇಲ್ಲ ಅಂತ ಟಾನಿಕ್ ಹುಡುಕುವುದು ಬೇಡ. ನೆಗಡಿಗೆ ಅಂತ ಮೆಡಿಕಲ್ ಸ್ಟೋರ್‌ನಲ್ಲಿ ಕೇಳಿ ತರುವ ಸಿರಪ್ಪೂ ಬೇಡ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲೆಫ್ರಿನ್ ಸೇರಿಸಿದ ಸಿರಪ್ಪನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ 2023ರಲ್ಲೇ ಕೇಂದ್ರದ ಔಷಧ ನಿಯಂತ್ರಕರು ಹೇಳಿದ್ದಾರೆ. ಅದನ್ನು ಕುಡಿದ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆ. ಭಯ ಇರುವುದೂ ಅಲ್ಲೇ. ಮನೆಯಲ್ಲಿ ಒಂದು ಗಂಟೆಯೂ ಮಲಗದ ಮಗು ಡೇ ಕೇರ್‌ನಲ್ಲಿ ದಿನಾ ಮೂರು ಗಂಟೆ ಮಲಗುತ್ತದೆ ಅಂದರೆ, ಯಾಕೆ ಅಂತ ಕೇಳಿ.

'ತುಮಕೂರಲ್ಲಿ ಯಾವ ಡೇ ಕೇರ್ ಒಳ್ಳೇದು, ನೀವೇ ಹೇಳಿ ಮೇಡಂ.' ಈ ಪ್ರಶ್ನೆ ವಾರಕ್ಕೆ ಎರಡು ಸಲವಾದರೂ ಬರುತ್ತದೆ. ನಾನು ಹೆಸರು ಹೇಳುವುದಿಲ್ಲ. ನೋಡಲು ಯಾವಾಗ ಹೋಗಿದ್ರಿ ಅಂತ ವಾಪಸ್ ಕೇಳುತ್ತೇನೆ. ಎಲ್ಲರದ್ದೂ ಒಂದೇ ಉತ್ತರ, ಶನಿವಾರ ಹನ್ನೊಂದು ಗಂಟೆಗೆ. ಶನಿವಾರ ಹನ್ನೊಂದಕ್ಕೆ ಎಲ್ಲ ಡೇ ಕೇರೂ ಚೆನ್ನಾಗಿರುತ್ತದೆ! ಮಕ್ಕಳು ಕಮ್ಮಿ, ನೆಲ ಒರೆಸಿರುತ್ತದೆ, ನಡೆಸುವವರು ಬಾಗಿಲಲ್ಲೇ ನಿಂತಿರುತ್ತಾರೆ.

ನೋಡಬೇಕಾದ್ದು ಕೆಲಸದ ದಿನ, ಮಧ್ಯಾಹ್ನ ಊಟದ ಹೊತ್ತು. ಆರು ಮಕ್ಕಳಿಗೆ ಒಂದೇ ಬಟ್ಟಲು, ಒಂದೇ ಚಮಚದಲ್ಲಿ ತಿನ್ನಿಸುತ್ತಿದ್ದಾರಾ? ಡೈಪರ್ ಬದಲಿಸಿ ಬಂದ ಕೈಯನ್ನು ಸೋಪಿನಲ್ಲಿ ತೊಳೆದರಾ? ಅತ್ತ ಮಗುವನ್ನು ಯಾರು ಎತ್ತಿಕೊಂಡರು? ಇನ್ನೊಂದು ಹೊತ್ತು ಸಂಜೆ ಆರೂವರೆ. ರೈಲು ತಡವಾದ ದಿನ ಕೊನೆಗೆ ಉಳಿಯುವ ಮಗು ನಿಮ್ಮದೇ ಆಗಬಹುದು. ಅಂಥ ಒಂದು ಮಗುವನ್ನು ನಾನು ನೋಡಿದ್ದೇನೆ. ಎಸ್.ಎಸ್. ಪುರಂನ ಒಂದು ಅಡ್ಡರಸ್ತೆ, ಎರಡೂವರೆ ವರ್ಷದ ಹುಡುಗ, ಮೆಟ್ಟಿಲ ಮೇಲೆ ಕೂತಿದ್ದ. ಶೂ ಹಾಕಿತ್ತು, ಬ್ಯಾಗು ಬೆನ್ನಿಗಿತ್ತು, ನೀರಿನ ಬಾಟಲಿ ಕೊರಳಲ್ಲಿ. ಒಳಗೆ ಲೈಟ್ ಆರಿಸಿಯಾಗಿತ್ತು. ಎಷ್ಟು ಹೊತ್ತಿಂದ ಹಾಗೆ ರೆಡಿಯಾಗಿ ಕೂತಿದ್ದನೋ. ಮಗುವನ್ನು ಆಟಕ್ಕೆ ಬಿಟ್ಟು ಕಾಯುವುದು ಬೇರೆ, ಪಾರ್ಸಲ್ ಕಟ್ಟಿ ಕಾಯುವುದು ಬೇರೆ.

ನಮ್ಮಲ್ಲಿ ಬಹಳಷ್ಟು ಡೇ ಕೇರ್‌ಗಳು ಬಾಡಿಗೆ ಮನೆಗಳಲ್ಲೇ ನಡೆಯುತ್ತವೆ. ಗೋಡೆಯ ಮೇಲಿನ ಜಿರಾಫೆ ನೋಡುವ ಮೊದಲು ಗೇಟಿನ ಹತ್ತಿರ ಸಂಪ್ ಎಲ್ಲಿದೆ ನೋಡಿ. ಅದರ ತಗಡಿನ ಮುಚ್ಚಳವನ್ನು ಕಾಲಲ್ಲಿ ತಳ್ಳಿ ನೋಡಿ. ಸರಿದರೆ ಅಲ್ಲಿಂದಲೇ ವಾಪಸ್ ಬನ್ನಿ, ಜಿರಾಫೆ ಆಮೇಲೆ. ಬಚ್ಚಲಲ್ಲಿ ತುಂಬಿದ ಬಕೆಟ್ ಇಟ್ಟಿದ್ದರೂ ಅಷ್ಟೇ. ಈಗಷ್ಟೇ ನಡೆಯಲು ಕಲಿತ ಮಗುವಿಗೆ ತಲೆಯೇ ಭಾರ, ಬಕೆಟ್ಟಿಗೆ ಬಗ್ಗಿ ಬಿದ್ದರೆ ಮೇಲೇಳಲು ಆಗುವುದಿಲ್ಲ.

ಕಡಲೆಕಾಯಿ ಬೀಜದ ವಿಷಯ ಹೇಳದೆ ಇರಲಾರೆ. ಪಾವಗಡ, ಶಿರಾ ಕಡೆ ನೆಂಟಸ್ತಿಕೆ ಇದ್ದ ಮನೆಯಲ್ಲಿ ಕಡಲೆಕಾಯಿ ಇಲ್ಲದ ದಿನ ಇಲ್ಲ. ಹುರಿದ ಬೀಜ ಡಬ್ಬಿಗೆ ಹಾಕಿ ಕಳಿಸುತ್ತಾರೆ. ಪಕ್ಕದ ಮಗು ಅದನ್ನೇ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತದೆ. ಅಗಿಯುವ ಹಲ್ಲು ಪೂರ್ತಿ ಬಂದಿರುವುದಿಲ್ಲ, ನಗುತ್ತಾ ಓಡುತ್ತಾ ಉಸಿರೆಳೆದರೆ ಬೀಜ ಹೋಗುವುದು ಶ್ವಾಸನಾಳಕ್ಕೆ. ನಾಲ್ಕೈದು ವರ್ಷ ತುಂಬುವವರೆಗೆ ಇಡೀ ಬೀಜ ಬೇಡ. ಪುಡಿ ಮಾಡಿ ಕೊಡಿ, ಚಟ್ನಿ ಮಾಡಿ ಕೊಡಿ, ಇಡೀ ಬೀಜದ ಉಂಡೆಯಂತೂ ಬೇಡ. ಡಬ್ಬಿಗೆ ಏನು ಹಾಕಬಾರದು ಅಂತ ಡೇ ಕೇರ್‌ನವರೇ ಪಟ್ಟಿ ಕೊಟ್ಟರೆ, ಅವರಿಗೆ ಕೆಲಸ ಗೊತ್ತು ಅಂತ ನಾನು ಅಂದುಕೊಳ್ಳುತ್ತೇನೆ.

ಕ್ಯಾಮೆರಾ ಬಗ್ಗೆ ಮಾತಾಡುವಾಗ ನನ್ನದೇ ಕತೆ ಹೇಳಬೇಕು. ನನ್ನ ಮಗಳನ್ನು 14 ತಿಂಗಳಿಗೆ ಒಂದು ಡೇ ಕೇರ್‌ಗೆ ಸೇರಿಸಿದೆ. ಹೋಗಿ ನೋಡಿದ್ದು ಶನಿವಾರ ಹನ್ನೊಂದಕ್ಕೇ. ಫೋನಿನಲ್ಲೇ ನೋಡುವ ಕ್ಯಾಮೆರಾ ಇದೆ ಅಂದರು, ಅಷ್ಟಕ್ಕೇ ಸೋತೆ. ಇಬ್ಬರು ಪೇಷಂಟ್‌ಗಳ ಮಧ್ಯೆ ಫೋನ್ ತೆಗೆದು ನೋಡುತ್ತಿದ್ದೆ. ಚಾಪೆಯ ಮೂಲೆಯಲ್ಲಿ ಕೂತಿರುತ್ತಿದ್ದಳು. ಅಳುವುದಿಲ್ಲ, ಹಠ ಇಲ್ಲ. ಹೊಂದಿಕೊಂಡಳು ಅಂತ ಖುಷಿಪಟ್ಟೆ. ಎರಡು ತಿಂಗಳಾದ ಮೇಲೆ ಒಂದು ದಿನ ಬೇಗ ಹೋದೆ. ಬಾಗಿಲು ತೆಗೆದ ಹುಡುಗಿಯ ಮುಖ ಹೊಸದು. ಎರಡು ತಿಂಗಳಲ್ಲಿ ಆಕೆ ಮೂರನೆಯ ಆಯಾ. ನನ್ನ ಮಗಳ ಹೆಸರು ಹೇಳಿದರೆ ಯಾವ ಮಗು ಅಂತ ಆಕೆಗೆ ಗೊತ್ತಾಗಲಿಲ್ಲ. ಒಳಗೆ ಮಗಳು ಅದೇ ಮೂಲೆಯಲ್ಲಿದ್ದಳು. ಆಕೆ ಹತ್ತಿರ ಹೋದರೂ ಎತ್ತಿಕೋ ಅಂತ ಕೈ ಚಾಚಲಿಲ್ಲ. 16 ತಿಂಗಳ ಮಗು ಕೈ ಚಾಚುವುದನ್ನೇ ಬಿಟ್ಟಿದೆ ಅಂದರೆ ಏನರ್ಥ ಅಂತ ಬೇರೆಯವರ ಮಕ್ಕಳ ವಿಷಯದಲ್ಲಿ ನಾನೇ ಪಾಠ ಹೇಳುತ್ತೇನೆ. ನನ್ನ ಮಗಳ ವಿಷಯದಲ್ಲಿ ಕ್ಯಾಮೆರಾ ನೋಡಿ ಸಮಾಧಾನಪಟ್ಟಿದ್ದೆ. ಕ್ಯಾಮೆರಾದಲ್ಲಿ ಮಗು ಕಾಣುತ್ತದೆ. ಅದು ಕರೆದಾಗ ಓಗೊಡುವವರು ಇದ್ದಾರಾ ಅನ್ನುವುದು ಕಾಣುವುದಿಲ್ಲ.

ಅವತ್ತಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ. ನಡೆಸುವವರ ಹತ್ತಿರ ಫೀಸು ಮಾತಾಡಿ, ಆದರೆ ಆಯಮ್ಮನ ಜೊತೆ ಹತ್ತು ನಿಮಿಷ ಕೂತು ಬನ್ನಿ. ಹೆಸರು ಕೇಳಿ. ಎಷ್ಟು ವರ್ಷದಿಂದ ಇಲ್ಲಿದ್ದೀರಿ ಕೇಳಿ. ನಿಮ್ಮ ಕೈಗೆ ಎಷ್ಟು ಮಕ್ಕಳು ಕೇಳಿ. ವರ್ಷ ತುಂಬದ ಕೂಸುಗಳಾದರೆ ಒಬ್ಬರಿಗೆ ಮೂರು, ಅದಕ್ಕಿಂತ ಜಾಸ್ತಿ ಬೇಡ ಅನ್ನುವುದು ನನ್ನ ಲೆಕ್ಕ. ಸರ್ಕಾರದ ಲೆಕ್ಕ ಅಲ್ಲ, ಕೈಗಳ ಲೆಕ್ಕ. ಶಾರ್ಟ್ ಸರ್ಕಿಟ್ ಆಗಿ ಹೊಗೆ ತುಂಬಿತು ಅಂದುಕೊಳ್ಳಿ. ಎರಡು ಕಂಕುಳಲ್ಲಿ ಎರಡು, ಹೇಗೋ ಇನ್ನೊಂದು. ನಾಲ್ಕನೆಯದನ್ನು ಯಾರು ಎತ್ತುತ್ತಾರೆ?

ಬಿಟ್ಟು ಬರುವಾಗಿನ ಅಳು ಬೇರೆ ವಿಷಯ. ಅಮ್ಮ ಕಣ್ಣಿಗೆ ಕಾಣದಿದ್ದರೂ ಎಲ್ಲೋ ಇದ್ದಾಳೆ ಅಂತ ಮಗುವಿಗೆ ಹೊಳೆಯುವುದು ಸುಮಾರು ಎಂಟು ತಿಂಗಳಿಗೆ. ಆಗ ಶುರುವಾದ ಅಂಟಿಕೊಳ್ಳುವ ಕಾಲ ಒಂದೂವರೆ ವರ್ಷದವರೆಗೂ ಜೋರಾಗಿರುತ್ತದೆ. ನಮ್ಮ ಕಾಯ್ದೆ ಕೊಡುವ ಹೆರಿಗೆ ರಜೆ 26 ವಾರ, ಅಂದರೆ ಆರು ತಿಂಗಳು. ಆಮೇಲೆ ಊರಿಂದ ಅಜ್ಜಿ ಬಂದು ಎರಡು ಮೂರು ತಿಂಗಳು ಇರುತ್ತಾರೆ. ಅಜ್ಜಿ ಮಂಡಿನೋವು ಅಂತ ಮಧುಗಿರಿಗೆ ವಾಪಸ್ ಹೋಗುವ ಹೊತ್ತಿಗೆ ಮಗುವಿಗೆ ಒಂಬತ್ತು ತಿಂಗಳು. ಡೇ ಕೇರ್‌ಗೆ ಸೇರಿಸಲು ಇದಕ್ಕಿಂತ ಕಷ್ಟದ ಸಮಯ ಇನ್ನೊಂದಿಲ್ಲ, ಹೆಚ್ಚಿನವರು ಸೇರಿಸುವುದು ಆಗಲೇ! ಅಜ್ಜಿ ಇರುವಾಗಲೇ ದಿನಕ್ಕೆ ಒಂದು ಗಂಟೆ, ಎರಡು ಗಂಟೆ ಅಂತ ಶುರುಮಾಡಿದರೆ ಅರ್ಧ ಕಷ್ಟ ಕಳೆಯುತ್ತದೆ.

ಮಗು ಬೊಂಬೆ ನೋಡುವಾಗ ಕಳ್ಳರ ಹಾಗೆ ಜಾರಿಕೊಳ್ಳಬೇಡಿ. ಅವತ್ತು ಅಳು ತಪ್ಪುತ್ತದೆ, ನಿಜ. ಮಾರನೇ ದಿನದಿಂದ ಮಗು ನಿಮ್ಮ ಸೆರಗನ್ನೇ ಬಿಡುವುದಿಲ್ಲ, ಯಾವ ಕ್ಷಣ ಮಾಯವಾಗುತ್ತೀರೋ ಅಂತ. 'ಅಮ್ಮ ಆಫೀಸಿಗೆ ಹೋಗಿ ಬರ್ತಾಳೆ, ನೀನು ಹಾಲು ಕುಡಿದ ಮೇಲೆ ಬರ್ತಾಳೆ' ಅಂತ ಹೇಳಿ, ಟಾಟಾ ಮಾಡಿ, ಹೊರಡಿ. ಬಾಗಿಲಿಂದ ಮೂರು ಸಲ ತಿರುಗಿ ಬರಬೇಡಿ. ಹೋದ ಹತ್ತು ಹದಿನೈದು ನಿಮಿಷಕ್ಕೆ ಅಳು ನಿಂತು ಆಟಕ್ಕೆ ಇಳಿದರೆ ಚಿಂತೆ ಇಲ್ಲ. ಮೂರು ನಾಲ್ಕು ವಾರ ಆದ ಮೇಲೂ ಊಟ ಬಿಟ್ಟು, ನಿದ್ದೆ ಬಿಟ್ಟು ಅಳುತ್ತಿದ್ದರೆ, ಅಥವಾ ನನ್ನ ಮಗಳ ಹಾಗೆ ಪೂರ್ತಿ ಮೌನವಾದರೆ, ಆಗ ಯೋಚನೆ ಮಾಡಿ.

ಕಚ್ಚಿದ ಗುರುತು ಹಿಡಿದುಕೊಂಡು ಬರುವವರೂ ಇದ್ದಾರೆ. ಬಟವಾಡಿ ಕಡೆಯ ಒಬ್ಬ ತಾಯಿ, ಮಗಳ ತೋಳಿನ ಮೇಲೆ ದುಂಡನೆಯ ಹಲ್ಲಿನ ಗುರುತು, ಪೊಲೀಸ್ ಸ್ಟೇಷನ್‌ಗೆ ಹೋಗುವ ದಾರಿಯಲ್ಲಿ ನನ್ನ ಹತ್ತಿರ ಬಂದಿದ್ದರು. ನಾನು ಸ್ಕೇಲು ತೆಗೆದು ಅಳೆದೆ. ಎರಡು ಕೋರೆಹಲ್ಲಿನ ಗುರುತುಗಳ ಮಧ್ಯೆ ಎರಡೂವರೆ ಸೆಂಟಿಮೀಟರಿಗಿಂತ ಕಮ್ಮಿ ಇತ್ತು. ಮೂರು ದಾಟಿದ್ದರೆ ಅದು ದೊಡ್ಡವರ ಬಾಯಿ, ನಾನೂ ಅವರ ಜೊತೆ ಸ್ಟೇಷನ್‌ಗೆ ಹೊರಡುತ್ತಿದ್ದೆ. ಇದು ಮಗುವಿನ ಬಾಯಿ. ಒಂದೂವರೆ ಎರಡು ವರ್ಷದ ಮಕ್ಕಳು ಮಾತು ಬಾರದ ಸಿಟ್ಟಿಗೆ ಕಚ್ಚುತ್ತವೆ. ಆದರೂ ತಾಯಿಯ ಕೋಪದಲ್ಲಿ ಅರ್ಥ ಇತ್ತು. ಡೇ ಕೇರ್‌ನವರು 'ನಮಗೆ ಗೊತ್ತಿಲ್ಲ, ಮನೆಯಲ್ಲೇ ಆಗಿರಬೇಕು' ಅಂದಿದ್ದರಂತೆ. ಬಿದ್ದರೆ, ಕಚ್ಚಿದರೆ, ಗೇಟಿನಲ್ಲೇ ತಾವಾಗಿ ಹೇಳುವ ಜಾಗದಲ್ಲಿ ಮಗುವನ್ನು ಬಿಡಬಹುದು. ನೀವು ಅಂಗಿ ಬಿಚ್ಚಿದಾಗ ಗೊತ್ತಾಗುವ ಜಾಗದಲ್ಲಿ ಬೇಡ.

ಇಷ್ಟೆಲ್ಲ ಆಯ್ಕೆ ಇರುವುದು ಫೀಸು ಕಟ್ಟಬಲ್ಲವರಿಗೆ. ವಸಂತನರಸಾಪುರದ ಕಾರ್ಖಾನೆಗಳಿಗೆ ಬಸ್ಸಿನಲ್ಲಿ ಹೋಗುವ ಹೆಣ್ಣುಮಕ್ಕಳು ನನ್ನ ಹತ್ತಿರ ಬರುವಾಗ ಕೇಳುತ್ತೇನೆ, ನಿಮ್ಮ ಕಂಪನಿಯಲ್ಲಿ ಮಕ್ಕಳ ಕೋಣೆ ಇದೆಯಾ ಅಂತ. ಇಲ್ಲ ಅನ್ನುತ್ತಾರೆ, ಇಲ್ಲವೇ ಬೀಗ ಹಾಕಿದೆ ಅನ್ನುತ್ತಾರೆ. 50ಕ್ಕಿಂತ ಹೆಚ್ಚು ಹೆಂಗಸರು ಇರುವ ಕಾರ್ಖಾನೆಯಲ್ಲಿ ಮಕ್ಕಳಿಗೆ ಕೋಣೆ ಇರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು, 1976ರಲ್ಲಿ ಅದನ್ನು 30ಕ್ಕೆ ಇಳಿಸಿದರು. ಹೆರಿಗೆ ರಜೆಯ ಕಾಯ್ದೆಗೆ ಬಂದ 2017ರ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಎಲ್ಲ ಕಡೆಗೂ ಮಕ್ಕಳ ಕೋಣೆಯನ್ನು ತಂದಿತು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು ಅಂತಲೂ ಸೇರಿಸಿತು. ನಾಲ್ಕು ಸಲ ಅಂದಾಗ ಅವರು ನಗುತ್ತಾರೆ. ಟಾಯ್ಲೆಟ್‌ಗೆ ಎದ್ದರೇ ಸೂಪರ್‌ವೈಸರ್ ಗಡಿಯಾರ ನೋಡುತ್ತಾರೆ ಮೇಡಂ, ಅನ್ನುತ್ತಾರೆ.

ಹಳ್ಳಿಗಳಲ್ಲಿ ಈಗ ಕೂಸಿನ ಮನೆ ಬಂದಿದೆ. 2023ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಅಂತ ಘೋಷಿಸಿದ ಯೋಜನೆ, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ 3 ವರ್ಷದೊಳಗಿನ ಮಕ್ಕಳಿಗೆ. ನೋಡಿಕೊಳ್ಳುವವರು ಅದೇ ಊರಿನ ಹೆಂಗಸರು. ಪೇಟೆಯ ಡೇ ಕೇರ್‌ಗಿಲ್ಲದ ಒಂದು ಅನುಕೂಲ ಅಲ್ಲಿದೆ. ತಾಯಿಗೆ ಆಯಮ್ಮನ ಹೆಸರಷ್ಟೇ ಅಲ್ಲ, ಆಯಮ್ಮನ ಅತ್ತೆಯ ಹೆಸರೂ ಗೊತ್ತಿರುತ್ತದೆ.

ಹೋದ ಬೇಸಿಗೆಯಲ್ಲಿ ಶೆಟ್ಟಿಹಳ್ಳಿ ಕಡೆಯಿಂದ ಒಂದು ಮಗು ಬಂತು. ಹನ್ನೊಂದು ತಿಂಗಳು, ಬೆಳಗಿಂದ ಭೇದಿ. ಅಮ್ಮ ರೈಲು ಇಳಿದು ಸೀದಾ ಬಂದಿದ್ದರು, ಕೊರಳಲ್ಲಿ ಆಫೀಸಿನ ಐಡಿ ಕಾರ್ಡ್ ಹಾಗೇ ಇತ್ತು. ಜೊತೆಗೆ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಮಗು ಇದ್ದದ್ದು ಅವರ ಹೆಗಲ ಮೇಲೆ. ಅಜ್ಜಿ ಅಂದುಕೊಂಡೆ.

'ಎಷ್ಟು ಸಲ ಆಯ್ತು? ಉಚ್ಚೆ ಕೊನೆಗೆ ಯಾವಾಗ ಹೋದ?'

ಅಮ್ಮ ಆ ಹೆಂಗಸಿನ ಮುಖ ನೋಡಿದರು.

'ಭೇದಿ ಏಳು ಸಲ ಡಾಕ್ಟ್ರಮ್ಮ. ಉಚ್ಚೆ ಹತ್ತು ಗಂಟೆಗೊಂದು ಸಲ, ಮೂರೂವರೆಗೊಂದು ಸಲ. ಎರಡನೇದು ಸ್ವಲ್ಪ ಹಳದಿ ಇತ್ತು. ರಾಗಿ ಸರಿ ಬೇಡ ಅಂದ, ಗಂಜಿ ನೀರು ಕುಡಿದ. ಕಣ್ಣಲ್ಲಿ ನೀರು ಬರ್ತಾ ಇದೆ, ಅದಕ್ಕೇ ನಾನು ಹೆದರಲಿಲ್ಲ.'

ತರಬೇತಿಯಲ್ಲಿರುವ ಎಳೆಯ ಡಾಕ್ಟರುಗಳು, ಹೌಸ್ ಸರ್ಜನ್ನುಗಳು, ಹೀಗೆ ಕೇಸ್ ಹೇಳಿದರೆ ನನಗೆ ಸಂತೋಷವಾಗುತ್ತದೆ. ಮಗುವಿಗೆ ಡ್ರಿಪ್ ಬೇಕಿರಲಿಲ್ಲ. ಓಆರ್‌ಎಸ್ ಮತ್ತು 14 ದಿನದ ಜಿಂಕ್ ಬರೆದೆ. ಒಂದು ಲೀಟರಿನ ಪ್ಯಾಕೆಟ್ಟಾದರೆ ಒಂದೇ ಸಲಕ್ಕೆ ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು, ಲೋಟಕ್ಕಿಷ್ಟು ಅಂತ ಉದುರಿಸಬಾರದು, ಪ್ರತಿ ಸಲ ಭೇದಿ ಆದ ಮೇಲೆ ಕಾಲಿಂದ ಅರ್ಧ ಲೋಟ, ಚಮಚ ಚಮಚವಾಗಿ ಅಂತ ಹೇಳಿದೆ. ಹೇಳಿದ್ದು ಅಮ್ಮನಿಗೆ. ಅಮ್ಮ ಚೀಟಿಯನ್ನು ಪಕ್ಕಕ್ಕೆ ದಾಟಿಸಿದರು.

ಆಯಮ್ಮ ಅದನ್ನು ತಿರುಗಿಸಿ ನೋಡಿ ನನಗೇ ವಾಪಸ್ ಕೊಟ್ಟರು. 'ಇಂಗ್ಲಿಷಲ್ಲಿದೆ, ಕನ್ನಡದಲ್ಲಿ ಬರ್ಕೊಡಿ. ರಾತ್ರಿ ಇವ್ರು ನೋಡ್ಕೋತಾರೆ, ನಾಳೆ ಹಗಲು ಕುಡಿಸೋಳು ನಾನಲ್ವಾ?'

ಚೀಟಿ ಹರಿದು ಹಾಕಿ ಇನ್ನೊಂದು ಬರೆದೆ. ಮೇಲೆ ಮಗುವಿನ ಹೆಸರು, ಪಕ್ಕದಲ್ಲಿ ಅವರನ್ನೇ ಕೇಳಿ ಅವರ ಹೆಸರು.