ಮಾಡ್ಯೂಲ್ ಕೀಳುವ ಮೊದಲು ಬೆಳಕಿನ ಲೆಕ್ಕ ನೋಡಿ

ಫೈಬರ್ ಲಿಂಕ್ ಡೌನ್ ಆದ ಕೂಡಲೇ ಸ್ವಿಚ್‌ನಿಂದ ಮಾಡ್ಯೂಲ್ (ಡೇಟಾವನ್ನು ಬೆಳಕಾಗಿ ಫೈಬರ್‌ಗೆ ಕಳಿಸಿ, ಬಂದ ಬೆಳಕನ್ನು ಓದುವ ಪುಟ್ಟ ಸಾಧನ) ಕಿತ್ತು ಹೊಸದು ಹಾಕುವುದು ಡೇಟಾ ಸೆಂಟರ್‌ಗಳಲ್ಲಿ ಮಾಮೂಲು. ಎಷ್ಟೋ ಸಲ ಲಿಂಕ್ ಬಂದೂ ಬಿಡುತ್ತದೆ. ಹಾಗಂತ ಹಳೆಯದು ಕೆಟ್ಟಿತ್ತು ಅನ್ನಲು ಆಗುವುದಿಲ್ಲ. ಕಿತ್ತು ಹಾಕುವ ಗಡಿಬಿಡಿಯಲ್ಲಿ ಸಡಿಲವಾಗಿದ್ದ ಕನೆಕ್ಟರ್ ಸರಿಯಾಗಿ ಕೂತಿರಬಹುದು, ಅಲ್ವಾ?

ಈಗಿನ ಬಹುತೇಕ ಎಸ್‌ಎಫ್‌ಪಿ, ಕ್ಯೂಎಸ್‌ಎಫ್‌ಪಿ ಮಾಡ್ಯೂಲ್‌ಗಳಲ್ಲಿ ಡಿಒಎಂ, ಅಂದರೆ ತನ್ನ ಸ್ಥಿತಿಯನ್ನು ತಾನೇ ಅಳೆದು ಹೇಳುವ ಸೌಲಭ್ಯ ಇರುತ್ತದೆ. ಸ್ವಿಚ್‌ನಲ್ಲಿ ಒಂದು ಕಮಾಂಡ್ ಕೊಟ್ಟರೆ ಟೆಂಪರೇಚರ್, ವೋಲ್ಟೇಜ್, ಲೇಸರ್‌ನ ಬಯಾಸ್ ಕರೆಂಟ್ (ಲೇಸರ್ ಉರಿಯಲು ಬೇಕಾದ ಕರೆಂಟ್), ಹೊರಗೆ ಹೋಗುವ ಬೆಳಕು, ಒಳಗೆ ಬರುವ ಬೆಳಕು ಎಲ್ಲ ಕಾಣುತ್ತದೆ. ನಾನು ಮೊದಲು ನೋಡುವುದು ಒಳಗೆ ಬರುವ ಬೆಳಕನ್ನು, ಅಂದರೆ ಆರ್‌ಎಕ್ಸ್ ಪವರ್.

ಸೆಕೆಂಡಿಗೆ 10 ಗಿಗಾಬಿಟ್ ಕಳಿಸುವ, ದೂರದ ಲಿಂಕ್‌ಗಿರುವ 10ಜಿ ಎಲ್‌ಆರ್ ಮಾಡ್ಯೂಲನ್ನೇ ತೆಗೆದುಕೊಳ್ಳಿ. ಅದರ ಆರ್‌ಎಕ್ಸ್ ಮೈನಸ್ 14.4 ಡಿಬಿಎಂಗಿಂತ ಕೆಳಗಿಳಿಯಬಾರದು. ಡಿಬಿಎಂ ಅಂದರೆ ಬೆಳಕಿನ ಬಲದ ಅಳತೆ, 10 ಇಳಿದರೆ ಬೆಳಕು ಹತ್ತರಲ್ಲಿ ಒಂದು ಪಾಲಾಗುತ್ತದೆ; ಎರಡು ಅಂಕಿಗಳ ನಡುವಿನ ವ್ಯತ್ಯಾಸವನ್ನು ಡಿಬಿ ಅನ್ನುತ್ತಾರೆ. ಮೈನಸ್ 40 ತೋರಿಸಿದರೆ ಬೆಳಕೇ ಬರುತ್ತಿಲ್ಲ ಎಂದರ್ಥ. ಆಗ ಪ್ಯಾಚ್ ಕಾರ್ಡ್‌ನ (ಮಾಡ್ಯೂಲ್‌ಗೆ ಸಿಕ್ಕಿಸುವ ಫೈಬರ್ ಕೇಬಲ್) ಎರಡು ಎಳೆ ಅದಲುಬದಲಾಗಿವೆಯೇ, ಆ ಕಡೆಯ ಪೋರ್ಟ್ ಆನ್ ಇದೆಯೇ ನೋಡಿ. ತಲೆನೋವು ಕೊಡುವುದು ನಡುವಿನ ಅಂಕಿ. ಆ ತುದಿ ಮೈನಸ್ 2 ಕಳಿಸುತ್ತಿದೆ, ಈ ತುದಿಗೆ ಮೈನಸ್ 13 ಬರುತ್ತಿದೆ ಅಂದುಕೊಳ್ಳಿ. ಲಿಂಕ್ ಇರುತ್ತದೆ, ಆದರೆ ಅಂಚಿನಲ್ಲಿ. ದಾರಿಯಲ್ಲಿ 11 ಡಿಬಿ ಹೋಗಿದೆ, ಹತ್ತರಲ್ಲಿ ಒಂದು ಪಾಲು ಬೆಳಕೂ ಉಳಿದಿಲ್ಲ. ಎಲ್‌ಆರ್‌ಗೆ ಬಳಸುವ ಸಿಂಗಲ್ ಮೋಡ್ ಫೈಬರ್ 1 ಕಿಲೋಮೀಟರಿಗೆ ಅರ್ಧ ಡಿಬಿಯನ್ನೂ ತಿನ್ನುವುದಿಲ್ಲ. ಒಂದೇ ಹಾಲ್‌ನೊಳಗೆ ಇಷ್ಟು ನಷ್ಟ ಅಂದರೆ ಕೇಬಲ್ ಎಲ್ಲೋ ಮಡಚಿದೆ, ಇಲ್ಲವೇ ತುದಿ ಕೊಳೆಯಾಗಿದೆ.

ನನ್ನ ಅನುಮಾನ ಮೊದಲು ಕೊಳೆಯ ಮೇಲೇ. ಬೆಳಕು ಹೋಗುವ ಕೋರ್ ಬರೀ 9 ಮೈಕ್ರಾನ್ ಅಗಲ. ಕಣ್ಣಿಗೆ ಕಾಣದ ಧೂಳಿನ ಕಣ ಕೂತರೂ ಸಾಕು. ತುದಿಯನ್ನು ಫೈಬರ್ ಸ್ಕೋಪ್‌ನಲ್ಲಿ (ಪುಟ್ಟ ಸೂಕ್ಷ್ಮದರ್ಶಕ) ನೋಡಿ, ಕ್ಲೀನರ್ ಪೆನ್ನಿನಿಂದ ಒರೆಸಿ, ಮತ್ತೆ ನೋಡಿ. ಮಾಡ್ಯೂಲ್‌ನ ಬಾಯಿಯನ್ನೂ ಮರೆಯಬೇಡಿ. ಬಾಯಿಂದ ಊದುವುದು ಮಾತ್ರ ಬೇಡವೇ ಬೇಡ, ತೇವ ಅಂಟಿಕೊಳ್ಳುತ್ತದೆ. ಹೊಸ ಪ್ಯಾಚ್ ಕಾರ್ಡ್ ಕೂಡ ಸ್ವಚ್ಛವಾಗಿರುತ್ತದೆ ಅಂತ ಸುಮ್ನೆ ನಂಬಬೇಡಿ.

ಬೆಳಕು ಚೆನ್ನಾಗಿದ್ದೂ ಲಿಂಕ್ ಬರದಿದ್ದರೆ? 100ಜಿಯಲ್ಲಿ ಎಫ್‌ಇಸಿ, ಅಂದರೆ ದಾರಿಯಲ್ಲಿ ಆದ ತಪ್ಪನ್ನು ತಿದ್ದುವ ವ್ಯವಸ್ಥೆ, ನೋಡಿ. ಹತ್ತಿರದ ಲಿಂಕ್‌ಗಿರುವ ಎಸ್‌ಆರ್4 ಮಾಡ್ಯೂಲ್‌ಗೆ ಆರ್‌ಎಸ್-ಎಫ್‌ಇಸಿ ಎಂಬ ಬಗೆ ಬೇಕು, ದೂರದ ಎಲ್‌ಆರ್4ಗೆ ಬೇಕಿಲ್ಲ. ಎರಡು ಕಂಪನಿಯ ಸ್ವಿಚ್‌ಗಳ ನಡುವೆ ಒಂದು ಕಡೆ ಆನ್, ಇನ್ನೊಂದು ಕಡೆ ಆಫ್ ಆಗಿದ್ದರೆ ಮಾಡ್ಯೂಲ್ ಎಷ್ಟು ಬದಲಿಸಿದರೂ ಅಷ್ಟೇ.

ಮಾಡ್ಯೂಲ್ ನಿಜವಾಗಿಯೂ ಮುದಿಯಾದಾಗ ಬಯಾಸ್ ಕರೆಂಟ್ ಅದನ್ನು ಹೇಳುತ್ತದೆ. ಹಾಕಿದ ದಿನದ ಅಂಕಿ ಬರೆದಿಟ್ಟಿದ್ದರೆ ಹೋಲಿಸಬಹುದು. ಟೆಂಪರೇಚರ್ ಅಷ್ಟೇ ಇದ್ದು ಕರೆಂಟ್ ಏರುತ್ತಿದೆ, ಹೊರಹೋಗುವ ಬೆಳಕು ಮಾತ್ರ ಇಳಿಯುತ್ತಿದೆ ಅಂದರೆ ಲೇಸರ್ ಸವೆದಿದೆ. ಆಗ ಕಿತ್ತು ಹೊಸದು ಹಾಕಿ.